ಒಂದು ಮಾರು, ಒಂದು ಮೊಳ

ದೋಣಿ ನಡೆಸುವ ಹುಟ್ಟಿನ ಬಗ್ಗೆ ನನ್ನ ಸೋದರಮಾವನಷ್ಟು ತಿಳಿದವರು ಹಾನಗಲ್ ತಾಲೂಕಿನಲ್ಲೇ ಇರಲಿಲ್ಲ. ಅವರಿಗೆ ಈಜು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು! ಬಾವಿಗೆ ಇಣುಕುವಾಗಲೂ ಪಕ್ಕದವರ ತೋಳು ಹಿಡಿದುಕೊಳ್ಳುತ್ತಿದ್ದರು.

ಶುರುವಾದದ್ದು ಸವಣೂರಿನ ಕುರುಕಲು ಖಾರದಿಂದ. ಅದನ್ನು ಕಟ್ಟಿಕೊಟ್ಟಿದ್ದ ಪರದೇಶದ ಪತ್ರಿಕೆಯ ಹಾಳೆಯಲ್ಲಿ ಕಯಾಕ್ ಎಂಬ ಸಪೂರ ದೋಣಿ, ಅದರ ಎರಡು ಬಗೆಯ ಹುಟ್ಟಿನ ಚಿತ್ರ. ಒಂದು ಹಿಮದ ನಾಡಿನ ಇನ್ಯೂಟ್ ಜನರದು (ಆಗ ನಾವು ಎಸ್ಕಿಮೊ ಅನ್ನುತ್ತಿದ್ದೆವು), ಇನ್ನೊಂದು ಈ ಕಾಲದ್ದು. ಧಾರವಾಡದಿಂದ ರಜೆಗೆ ಬಂದಿದ್ದ ನಾನು ಓದಿ ಹೇಳಿದೆ. ಅಷ್ಟೇ! ಮಾವ ಕೆಲಸಕ್ಕಿದ್ದ ಅಕ್ಕಿ ಗಿರಣಿಗೆ ಬಂದವರಿಗೆಲ್ಲ ಅದೇ ಉಪನ್ಯಾಸ.

"ಹೊಸಾದ್ರ ಎರಡೂ ತುದಿ ಅಲಗು ಮೊರದಂಗ ಅಗಲ. ಒಂದು ಈ ಕಡೆ, ಇನ್ನೊಂದು ಆ ಕಡೆ ಮಾರಿ ತಿರುವೇತಿ, ಜಗಳಾಡಿದ ಗಂಡಹೆಂಡರಂಗ! ಜೋರು ತಳ್ಳತೈತಿ ಖರೆ, ಆದ್ರ ಭುಜಾ ಕಿತ್ತು ಬರತಾವು. ಹಳೇದು ನೋಡ್ರಿ, ಕಬ್ಬಿನ ಗರಿಯಂಗ ಸಣ್ಣ. ಗಾಳಿಗೆ ಸಿಗಂಗಿಲ್ಲ, ಕೈ ಸೋಲಂಗಿಲ್ಲ."

"ಅದಿರ್ಲಿ ಬಿಡ್ರಿ, ನಮ್ಮ ಭತ್ತದ ಪಾಳಿ ಯಾವಾಗ?"

ಮಾತಿನಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಬಡಿಗನಿಂದ ಎರಡೂ ಹುಟ್ಟು ಮಾಡಿಸಿದರು. ಬಿದಿರಿಗೆ ಡಾಂಬರು ಬಳಿದ ಬಟ್ಟೆ ಸುತ್ತಿ ದೋಣಿಯೂ ಆಯಿತು. ನಡುವೆ ಒಂದು ದಿನ ಅತ್ತೆಯ ಕೈಯಿಂದಲೇ ಹಗ್ಗ ಅಳೆಸಿ ಕತ್ತರಿಸಿಕೊಂಡರು: ಚಾಚಿದ ತೋಳುಗಳ ಒಂದು ಮಾರು, ಮೇಲೊಂದು ಮೊಳ.

"ಇಷ್ಟ ಹಗ್ಗದಾಗ ಏನ್ ಒಣಾ ಹಾಕ್ತೀರಿ? ನಿಮ್ಮ ಟೊಪ್ಪಿಗೀನ?" ಅತ್ತೆ ಕೇಳಿದರು. ನಗುತ್ತಿದ್ದರು, ಆದರೆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ತಿಳವಳ್ಳಿಯ ಕೆರೆ ತುಂಬಿತ್ತು. ಆಚೆ ದಂಡೆಯ ಹಳ್ಳಿಯೇ ಅವರ ತವರು. ದಾರಿ ನೀರಲ್ಲಿ ಮುಳುಗಿತ್ತು, ಅಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಒಂದು ಚಿಂತೆ ಸಾಲದೆಂದು ಗಂಡನ ಈ ಹುಚ್ಚು!

ಪರೀಕ್ಷೆಯ ದಿನ ಮಾವನ ಸೊಂಟಕ್ಕೆ ಕಟ್ಟಿದ ಬಾವಿಯ ಉದ್ದ ಹಗ್ಗದ ತುದಿ ನನ್ನ ಕೈಯಲ್ಲಿತ್ತು. ಅದನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಅಗಲದ ಹುಟ್ಟು ಗಾಳಿಗೆ ಸಿಕ್ಕಿ ದೋಣಿ ಗಿರ್ರನೆ ತಿರುಗಿತು. ಅತ್ತೆ ಚೀರಿದರು. ಎಳೆದು ತಂದೆ. ಸಣ್ಣ ಹುಟ್ಟು ಹಿಡಿದು ಮತ್ತೆ ಹೋದರು! ಈ ಸಲ ದೋಣಿ ಸದ್ದಿಲ್ಲದೆ ಸರಿಯಿತು, ಆದರೆ ಮಾವ ಮಗುವಿನ ತೊಟ್ಟಿಲಲ್ಲಿ ಕೂತವರ ಹಾಗೆ ಮುದುಡಿದ್ದರು.

"ಮಾವಾ, ಆ ಹುಟ್ಟು ನಿಮಗ ಗಿಡ್ಡ ಆಗೇತ್ರಿ!"

"ನನಗ ಗಿಡ್ಡ ಆಗಬೇಕ," ಎನ್ನುತ್ತ ದಂಡೆಗೆ ಬಂದು ಹುಟ್ಟನ್ನು ಅತ್ತೆಯ ಕೈಗೆ ಕೊಟ್ಟರು. ಇನ್ಯೂಟ್ ಜನ ಹುಟ್ಟನ್ನು ನಡೆಸುವವರ ಮೈಯ ಅಳತೆಗೇ ಮಾಡುತ್ತಾರೆ, ಒಂದು ಮಾರು, ಒಂದು ಮೊಳ. ಓದಿ ಹೇಳಿದ ನಾನೇ ಮರೆತಿದ್ದೆ.

"ಸಣ್ಣಾಕಿದ್ದಾಗ ಇದ ಕೆರ್ಯಾಗ ತೆಪ್ಪಾ ನಡೆಸಿದಾಕಿ ನೀ. ಈಜು ಬರೂದೂ ನಿನಗ. ನಾ ಮೊದ್ಲ ಕುಂತು ನೋಡಿದೆ, ಮುಳುಗಂಗಿಲ್ಲ. ಹೋಗು, ಅವ್ವನ ನೋಡ್ಕೊಂಡ್ ಬಾ."

"ನೀವು?"

"ನಾ ಇಲ್ಲೇ ಕುಂತು ಅಂಜತೇನಿ."

ಅಂದು ಮೋಡವಿತ್ತೋ ಬಿಸಿಲಿತ್ತೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅತ್ತೆಯ ಸೀರೆಯ ಬಣ್ಣ ಆಚೆ ದಂಡೆ ಏರುವ ತನಕ ಮಾವ ನನ್ನ ತೋಳು ಬಿಡಲಿಲ್ಲ. ಅದೊಂದು ಖರೆ; ಆ ಬಿಗಿ ನನ್ನ ತೋಳಿಗೆ ಇನ್ನೂ ಗೊತ್ತು.