ಬಂಡೆಮ್ಮನವರ ಯಜಮಾನರ ಮುಖ

ಈ ಸಲ ನಮ್ಮ ಕನ್ನಡ ಸಂಘದವರು ಬಾಯಿ ಬಿಟ್ಟುಕೊಂಡು ನೋಡುವಂಥ ಕೆಲಸ ಮಾಡಿ ತೋರಿಸುತ್ತೇನೆ ಎಂದು ಹೆಂಡತಿ ಸುವರ್ಣಾಳ ಮುಂದೆ ಎದೆ ತಟ್ಟಿಕೊಂಡೆ. ನಾರಾಯಣಗೂಡದ ಸಭಾಂಗಣದಲ್ಲಿ ಸೈನಿಕರ ಗೌರವಕ್ಕೆಂದು ಹಳೆಯ ಕಾಲದ ಸಂಜೆ. ಬರುವವರೆಲ್ಲ ಅಜ್ಜ-ಅಜ್ಜಿಯ ಕಾಲದ ಉಡುಪಿನಲ್ಲಿ ಬರಬೇಕು. ಗೋಡೆಯ ಮೇಲೆ, ನಮ್ಮವರಲ್ಲಿ ಸೇನೆ ಸೇರಿ ತೀರಿಕೊಂಡವರ ಫೋಟೋ. ಮಾಸಿದ ಆ ಫೋಟೋಗಳನ್ನು ಹೊಸದಾಗಿಸುವ ಮಹಾಕಾರ್ಯ ನನ್ನದು!

"ನಿಮಗ ಸಿಲಿಂಡರಿಗೆ ರೆಗ್ಯುಲೇಟರ್ ಹಚ್ಚಾಕ ಬರಂಗಿಲ್ಲ," ಎಂದಳು ಸುವರ್ಣಾ.

"ಎಲ್ಲಾ ಮೊಬೈಲ್ ಮಾಡತೈತಿ. ನೀ ಸುಮ್ಮನ ನೋಡ್ತಾ ಇರು."

ಎಲ್ಲ ಸರಿಯಾಗಿಯೇ ಆಯಿತು, ಪಕ್ಕದ ಓಣಿಯ ಬಂಡೆಮ್ಮನವರ ಫೋಟೋ ಬರುವವರೆಗೆ. ಎಪ್ಪತ್ತೊಂದರ ಯುದ್ಧದಿಂದ ವಾಪಸ್ ಬಾರದ ಯಜಮಾನರದು, ಇದ್ದದ್ದು ಅದೊಂದೇ. ತೇವ ಹಿಡಿದು ಚೌಕಟ್ಟಿನ ಗಾಜಿಗೆ ಅಂಟಿಕೊಂಡಿತ್ತು. ಎಳೆದೆ. ಸಮವಸ್ತ್ರ ನನ್ನ ಕೈಗೆ ಬಂತು, ಮುಖ ಗಾಜಿನಲ್ಲೇ ಉಳಿಯಿತು, ಮೊಬೈಲಿಗೆ ಗುರುತು ಸಿಗದಷ್ಟು ಮಸುಕಾಗಿ.

ಗಾಜನ್ನು ಕಪಾಟಿನಲ್ಲಿ ಬಚ್ಚಿಟ್ಟೆ. ಸಮವಸ್ತ್ರದ ತುಂಡನ್ನಷ್ಟೇ ತೋರಿಸಿದಾಗ ಮೊಬೈಲ್ ಒಂದು ಮುಖ ಕೇಳಿತು. ಬೇರೆ ಯಾವುದಿದೆ, ನನ್ನದನ್ನೇ ಕೊಟ್ಟೆ; ಒಂದಿಷ್ಟು ಬದಲಿಸಿಕೊಳ್ಳುತ್ತದೆ ಎಂಬ ನಂಬಿಕೆ. ಸಣ್ಣ ಪರದೆಯಲ್ಲಿ ಮೂಡಿದವನು ಯಾರೋ ಮೀಸೆಯ ಸೈನಿಕ. ಪ್ರಿಂಟಿಗೆ ಕಳಿಸಿ ನಿಶ್ಚಿಂತನಾದೆ.

ಸಂಜೆ ನಾಟಕದ ಅಂಗಡಿಯಿಂದ ತಂದ ಮಿಲಿಟರಿ ಸಮವಸ್ತ್ರ ತೊಟ್ಟು, ಮೀಸೆಗೆ ಕಪ್ಪು ಬಳಿದು ಠೀವಿಯಿಂದ ಹೋದೆ. ಒಳಗೆ ಬರೀ ಲಾಟೀನಿನ ಬೆಳಕು. ಎಲ್ಲೋ ಹಳೆಯ ಗ್ರಾಮೊಫೋನ್ ತಟ್ಟೆಯೊಂದು ಕರಕರ ಎನ್ನುತ್ತ ಹಾಡುತ್ತಿತ್ತು. ದಿನಾ ನೋಡುವವರ ಗುರುತೇ ಸಿಗುತ್ತಿಲ್ಲ. ಎಂದೋ ಹೋದವರು ವಾಪಸ್ ಬಂದು ಸದ್ದಿಲ್ಲದೆ ಚಹಾ ಕುಡಿಯುತ್ತಿರುವ ಹಾಗೆ ಕಂಡಿತು.

ಗೋಡೆಯ ಮೇಲೆ ಫೋಟೋಗಳ ಸಾಲು. ಒಂದೊಂದಕ್ಕೂ ಗಂಧದ ಹಾರ, ಕೆಳಗೆ ದೀಪ. ಸಾಲಿನ ಕೊನೆಗೆ, ಹಣೆಗೆ ಕುಂಕುಮ ಹಚ್ಚಿಸಿಕೊಂಡು, ಹಾರ ಹಾಕಿಸಿಕೊಂಡು ನಾನಿದ್ದೆ.

ಎಡಕ್ಕೆ ಸರಿದೆ. ಫೋಟೋದವನ ಕಣ್ಣುಗಳೂ ಎಡಕ್ಕೆ ಸರಿದವು.

ನಿವೃತ್ತ ಸುಬೇದಾರ ವೀರಭದ್ರಪ್ಪನವರು ಪ್ರತಿ ಫೋಟೋಕ್ಕೂ ಸೆಲ್ಯೂಟ್ ಹೊಡೆಯುತ್ತ ಬಂದರು. ಕೊನೆಯದಕ್ಕೂ ಹೊಡೆದು ಈ ಕಡೆ ತಿರುಗಿ ನನ್ನನ್ನು ಕಂಡರು. ಎತ್ತಿದ ಕೈ ಕೆಳಗಿಳಿಯಲಿಲ್ಲ.

"ಯಾವ... ಯಾವ ಪಲ್ಟನ್ ರಿ ನಿಮ್ದು?"

"ನಾಚಾರಂ ವಾಲ್ವ್ ಫ್ಯಾಕ್ಟರಿ, ಸ್ಟೋರ್ಸ್ ಸೆಕ್ಷನ್," ಎಂದೆ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಅವರು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಲೇ ಹೋದರು.

ಅಷ್ಟರಲ್ಲಿ ಸುವರ್ಣಾ ಬಂದಳು. ಗೋಡೆ ನೋಡಿದಳು, ನನ್ನನ್ನು ನೋಡಿದಳು, ತಾಳಿ ಹಿಡಿದುಕೊಂಡಳು.

"ರೀ, ನೀವು ಅದೀರೋ, ಇಲ್ಲೋ?"

"ಅದೀನಿ."

"ಮತ್ತ ಹಾರ ಯಾಕ?"

ಪಿಸುದನಿಯಲ್ಲಿ ಎಲ್ಲ ಹೇಳುತ್ತಿರುವಾಗಲೇ ಬಂಡೆಮ್ಮನವರು ಬಂದರು. ಗಂಡನಿಗೆಂದು ಮಲ್ಲಿಗೆ ತಂದಿದ್ದರು. ಫೋಟೋದ ಮುಂದೆ ನಿಂತರು. ಮುಟ್ಟಲು ಚಾಚಿದ ಕೈ ಅರ್ಧಕ್ಕೇ ನಿಂತಿತು.

"ಅಂಬಾದಾಸ," ಎಂದು ನನ್ನನ್ನು ಕರೆದರು, ತಿರುಗದೆಯೇ. "ನಮ್ಮವರೆಲ್ಲಿ?"

ನಾನು ಹಿಂದೆ ನಿಂತಿದ್ದು ಅವರಿಗೆ ಹೇಗೆ ತಿಳಿಯಿತೋ ದೇವರೇ ಬಲ್ಲ.

"ನಮ್ಮನಿ ಕಪಾಟಿನಾಗ, ಅವ್ವಾ. ಗಾಜಿಗೆ ಅಂಟ್ಯಾರ. ಸ್ಟುಡಿಯೋದವಗ ಕೊಟ್ಟು ತಗಸ್ತೀನಿ, ಒಂದಿಷ್ಟು ದಿನ ಹಿಡೀತೈತಿ. ತಪ್ಪಾತ್ರಿ." ನನಗೆ ಅಳುವೇ ಬಂತು. ಮೀಸೆಯ ಕಪ್ಪು ಕರಗಿ ತುಟಿಗಿಳಿಯಿತು.

"ಮುಂಜಾನೆ ಅವರ ಮುಂದ ದೀಪ ಹಚ್ಚದ ಒಂದ್ ಗುಟುಕು ಚಹಾ ಕುಡದಾಕಿ ಅಲ್ಲ ನಾ. ಅಲ್ಲೀತನಕ ಏನ್ ಮಾಡ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಸುವರ್ಣಾ ಅಂದಳು: "ಇವರನ್ನ ಕಳಸ್ತೀನ್ರಿ ಅವ್ವಾ. ಹೆಂಗೂ ಹಾರ ಹಾಕಿಸ್ಕೊಂಡಾರ."

ತಮಾಷೆ ಎಂದುಕೊಂಡಿದ್ದೆ. ಮರುದಿನ ಮುಂಜಾನೆ ಬಂಡೆಮ್ಮನವರ ಪಡಸಾಲೆಯಲ್ಲಿ, ಖಾಲಿ ಮೊಳೆಯ ಕೆಳಗೆ, ಅದೇ ಸಮವಸ್ತ್ರದಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಅವರು ಹಣೆಗೆ ಕುಂಕುಮ ಹಚ್ಚಿದರು, ಹಾರ ಹಾಕಿದರು, ದೀಪ ಹಚ್ಚಿ ಕಣ್ಣು ಮುಚ್ಚಿ ಕೈಮುಗಿದರು. ಊದುಬತ್ತಿಯ ಹೊಗೆ ನೇರ ಮೂಗಿಗೇ ಬಂತು. ತಡೆಯಲಾಗದೆ ಮೆಲ್ಲಗೆ ಮೂಗು ತುರಿಸಿಕೊಂಡೆ.

ಬಂಡೆಮ್ಮನವರು ಕಣ್ಣು ತೆರೆಯಲಿಲ್ಲ.

"ಅಲುಗಾಡಬ್ಯಾಡ ತಮ್ಮಾ," ಎಂದರು. "ಇಷ್ಟ್ ವರ್ಷದಾಗ ಅವರು ಒಮ್ಮೆನೂ ಅಲುಗಾಡಿಲ್ಲ."