ಕೈ ಮುರಿಯುವುದು ಕಾಯಿಲೆಯಲ್ಲ

ಕೊಡಗಿನ ಸಿದ್ದಾಪುರದಲ್ಲಿ ಕಳೆ ಕೊಚ್ಚುವ ಮಷೀನು ಕೆಟ್ಟರೆ ರಿಪೇರಿ ಮಾಡುವವನು ನಾನು. ಅಂಗಡಿಯ ಮಾಲೀಕನೂ ನಾನೇ, ಕೆಲಸಗಾರನೂ ನಾನೇ, ರಜೆ ಕೇಳಿದರೆ ಕೊಡದವನೂ ನಾನೇ! ಪಕ್ಕದ ಮನೆಯ ಆಟೋ ಡ್ರೈವರ್ ಮೊಯ್ದುವಿಗೆ ಪಾರ್ಶ್ವವಾಯು ಬಡಿದು, ಅವನ ಆಟೋ ಟಾರ್ಪಾಲಿನಡಿ ನಿಂತಾಗಿನಿಂದ ನನಗೆ ಒಂದೇ ಯೋಚನೆ. ನಾನು ಮಲಗಿದರೆ ಮನೆಯ ಗತಿ?

ಗಂಭೀರ ಕಾಯಿಲೆಗಳ ವಿಮೆ ಮಾಡಿಸಲು ತೀರ್ಮಾನಿಸಿದೆ. ಏಜೆಂಟ್ ನನ್ನ ಹೆಂಡತಿ ಸರೋಜಳ ತಮ್ಮ ಉಮೇಶ.

"ಭಾವ, ಹಾರ್ಟ್ ಅಟ್ಯಾಕು, ಕ್ಯಾನ್ಸರ್, ಕಿಡ್ನಿ, ಇಂಥ ದೊಡ್ಡ ಕಾಯಿಲೆ ಬಂದ್ರೆ ದುಡ್ಡು ಒಟ್ಟಿಗೆ ಕೈಗೆ ಬರತ್ತೆ. ಅಂಗಡಿ ಬಾಗ್ಲು ಹಾಕಿದ್ರೂ ಮನೆ ನಡಿಯತ್ತೆ. ಕಾಯಿಲೆ ಅಂತ ಗೊತ್ತಾದ್ಮೇಲೆ ಒಂದು ತಿಂಗಳು ಬದುಕಿರ್ಬೇಕು, ಅಷ್ಟೇ."

"ಅವ್ರು ಬದುಕ್ತಾರೆ ಬಿಡೋ," ಎಂದಳು ಸರೋಜ. "ಆ ಒಂದು ತಿಂಗಳು ಇವ್ರನ್ನ ನೋಡ್ಕೊಂಡು ನಾನು ಬದುಕಿರ್ಬೇಕಲ್ಲ!"

ಮೊದಲು ಮಡಿಕೇರಿಯಲ್ಲಿ ವೈದ್ಯಕೀಯ ಪರೀಕ್ಷೆ. ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿ ಹೃದಯ ಹೇಗಿದೆಯೆಂದು ನೋಡುತ್ತಾರಂತೆ. ಅಲ್ಲಿ ಏದುಸಿರು ಬಿಟ್ಟು ಮರ್ಯಾದೆ ಕಳೆದುಕೊಳ್ಳಬಾರದೆಂದು ಹಿಂದಿನ ದಿನ ಬೆಳಿಗ್ಗೆ ಮನೆ ಹಿಂದಿನ ಗುಡ್ಡ ಹತ್ತಿ ಅಭ್ಯಾಸ ಮಾಡಲು ಹೊರಟೆ.

"ಮಳೆಗೆ ಪಾಚಿ ಕಟ್ಟಿದೆ ರೀ, ಬೇಡ," ಎಂದಳು ಸರೋಜ.

"ಕುಟುಂಬದ ಭವಿಷ್ಯದ ಪ್ರಶ್ನೆ!" ಎಂದೆ.

ಹತ್ತುವಾಗ ಹೃದಯ ಅದ್ಭುತವಾಗಿ ಕೆಲಸ ಮಾಡಿತು. ಇಳಿಯುವಾಗ ಕಾಲು ಮಾಡಲಿಲ್ಲ. ಜಾರಿ ಬಿದ್ದು ಬಲಗೈ ಮುರಿಯಿತು.

ಆಸ್ಪತ್ರೆಯಲ್ಲಿ ನಾನು ಅಳಲಿಲ್ಲ. ಬದಲಿಗೆ, ಅರ್ಜಿಗೆ ಸಹಿ ಹಾಕಿದ್ದೇನಲ್ಲ ಎಂಬ ಧೈರ್ಯದಲ್ಲಿ, ರಾಜಗಾಂಭೀರ್ಯದಿಂದ, "ಸ್ಪೆಷಲ್ ರೂಮೇ ಕೊಡಿ, ಇನ್ಶೂರೆನ್ಸ್ ಇದೆ!" ಎಂದುಬಿಟ್ಟೆ. ಕೈಗೆ ಆಪರೇಷನ್ ಮಾಡಿ ಪ್ಲೇಟು ಹಾಕಿದರು. ಆಮೇಲೆ ಉಮೇಶನಿಗೆ ಫೋನ್ ಮಾಡಿದೆ.

"ಭಾವ, ಟೆಸ್ಟೇ ಆಗಿಲ್ಲ, ಇನ್ನು ಪಾಲಿಸಿ ಎಲ್ಲಿಂದ ಬರ್ಬೇಕು?"

"ಆಗಿದ್ದಿದ್ರೆ?"

"ಆಗಿದ್ರೂ ಸಿಕ್ತಿರ್ಲಿಲ್ಲ. ಕೈ ಮುರಿಯೋದು ಕಾಯಿಲೆ ಅಲ್ಲ ಭಾವ."

"ಮೆಕ್ಯಾನಿಕ್ ಬಲಗೈ ಕಣೋ ಇದು!"

"ಕಾಯಿಲೆಗಳ ಪಟ್ಟೀಲಿ ಕೈ ಇಲ್ಲ." ಆಮೇಲೆ ಸಮಾಧಾನ ಹೇಳುವವನಂತೆ, "ಕಿಡ್ನಿ ಇದೆ," ಎಂದ.

ಸ್ಪೆಷಲ್ ರೂಮಿನ ಬಿಲ್ಲು ನೋಡಿ ಸರೋಜ ಓಲೆ ಬಿಚ್ಚಿ ಅಡವಿಡಲು ಹೊರಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತೋಟಗಳಲ್ಲಿ ಕಳೆ ಕೊಚ್ಚುವ ಸಮಯ. ವರ್ಷವೆಲ್ಲ ನನಗೆ ಊಟ ಹಾಕುವ ಸಮಯ! ತೋಟದ ಲೆಕ್ಕ ನೋಡುವ ರೈಟರ್ ಪೂಣಚ್ಚ ರಿಪೇರಿಗೆ ಕೊಟ್ಟಿದ್ದ ಮಷೀನುಗಳನ್ನೆಲ್ಲ ವಾಪಸ್ ಜೀಪಿಗೆ ಹೇರಿಕೊಂಡು, "ಬೇಜಾರ್ ಮಾಡ್ಬೇಡಿ ಮಾರಾಯ್ರೇ, ಧಣಿ ಕಾಯೋದಿಲ್ಲ. ವಿರಾಜಪೇಟೇಲಿ ಕೊಡ್ತೇನೆ," ಎಂದರು. ನಾನು ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ಉಳಿದ ಒಂದು ಮಷೀನಿನ ಬೋಲ್ಟ್ ತಿರುಗಿಸಲು ಹೆಣಗಿದೆ. ಅದು ಕದಲಲಿಲ್ಲ. ಆಗ ಅಳು ಬಂತು. ಊಟ ತಂದಿದ್ದ ಸರೋಜ ನೋಡಿದಳು. ಶಟರ್ ಅರ್ಧ ಇಳಿಸಿ, ಅನ್ನ ಕಲೆಸಿ ಬಾಯಿಗಿಟ್ಟಳು.

"ಟೆಸ್ಟಿಗೆ ಹೋಗಿ," ಎಂದಳು. "ಇದಕ್ಕಂತೂ ದುಡ್ಡು ಸಿಗ್ಲಿಲ್ಲ. ಇನ್ನೊಂದು ಬಂದ್ರೆ ತಡ್ಕೊಳ್ಳೋ ಶಕ್ತಿ ನಂಗಿಲ್ಲ."

ಕೊರಳಿಗೆ ಕೈ ನೇತುಹಾಕಿಕೊಂಡು ಮಡಿಕೇರಿಗೆ ಹೋದೆ. ಎಡಗೈಯಲ್ಲಿ ಕಂಬಿ ಹಿಡಿದು ಟ್ರೆಡ್‌ಮಿಲ್ಲಿನ ಮೇಲೆ ನಡೆದೆ. ಡಾಕ್ಟರು ಮೆಚ್ಚಿಕೊಂಡರು.

"ಹಾರ್ಟ್ ಗುಂಡುಕಲ್ಲಿನ ಹಾಗಿದೆ. ಏನೂ ತೊಂದ್ರೆ ಇಲ್ಲ. ಏನ್ ಕೆಲ್ಸ ನಿಮ್ದು?"

"ಸದ್ಯಕ್ಕೆ ಏನಿಲ್ಲ ಸರ್," ಎಂದೆ.

ಅಷ್ಟಾದರೂ ಗೆದ್ದೆನೆಂಬ ಠೀವಿಯಿಂದ ಎದ್ದು, ಕ್ಲಿನಿಕ್ಕಿನ ಗಾಜಿನ ಬಾಗಿಲನ್ನು ಎಡಗೈಯಿಂದ ಬಲವಾಗಿ ತಳ್ಳಿದೆ. ಅಲುಗಾಡಲಿಲ್ಲ. ಹೆಗಲು ಕೊಟ್ಟು ತಳ್ಳಿದೆ. ಸಾಲಿನಲ್ಲಿ ಕೂತಿದ್ದ ರೋಗಿಗಳೆಲ್ಲ ತಮ್ಮ ನೋವು ಮರೆತು ನನ್ನನ್ನೇ ನೋಡುತ್ತಿದ್ದರು.

ಅದು ಎಳೆಯುವ ಬಾಗಿಲು.