ಚರಂಡಿಯಲ್ಲಿ ಹುಟ್ಟಿದ ಸಾಬೂನು

ಬ್ಯಾಕ್ಟೀರಿಯಾ ತಯಾರಿಸುವ ಸಾಬೂನಿನ ಹಿಂದೆ ಬಿದ್ದವರ ಮರ್ಯಾದೆ ಯಾವ ಊರಿನಲ್ಲೂ ಹೆಚ್ಚು ದಿನ ಉಳಿಯುವುದಿಲ್ಲ. ಹ್ಯಾಂಬರ್ಗಿನ ಲ್ಯಾಬಿನಲ್ಲಿ ನನ್ನ ನೊರೆ ಲಿಫ್ಟಿನೊಳಗೆ ನುಗ್ಗಿತ್ತು; ಒಸಾಕಾದಲ್ಲಿ ಬಾಗಿಲಡಿಯಿಂದ ಹೊರಟು ಲ್ಯಾಬಿನ ಮುಖ್ಯಸ್ಥರ ಬೂಟು ತೊಳೆದಿತ್ತು. ಮೂಡುಬಿದಿರೆಯ ಕಾಲೇಜಿಗೆ ಪಾಠ ಹೇಳಲು ಬಂದ ಮೇಲೆ ಆದದ್ದರ ಮುಂದೆ ಅವೆಲ್ಲ ಸಪ್ಪೆ. ಇಲ್ಲಿ ನನ್ನ ಜೊತೆಗಿದ್ದವಳು ಮುಂಡಾಜೆಯ ಒಬ್ಬ ವಿದ್ಯಾರ್ಥಿನಿ. ಅಂಥ ಬ್ಯಾಕ್ಟೀರಿಯಾ ನಮ್ಮ ಸುತ್ತಲೇ ಉಂಟು ಎಂದು ಅವಳು ತೋರಿಸಬೇಕಿತ್ತು. ಇಲ್ಲದಿದ್ದರೆ ಎಂಎಸ್ಸಿ ಪ್ರಾಜೆಕ್ಟ್ ಫೇಲು.

ಸ್ವಚ್ಛ ಬಂಟ್ವಾಳ

ಈ ಬ್ಯಾಕ್ಟೀರಿಯಾ ಸಾಬೂನು ತಯಾರಿಸುವುದು ಎಣ್ಣೆಯನ್ನು ಒಡೆದು ತಿನ್ನಲಿಕ್ಕೆ; ಎಣ್ಣೆ ತಿನ್ನುವ ಜೀವಿ ಎಣ್ಣೆ ಇದ್ದಲ್ಲೇ ಇರುತ್ತದೆ. ಬಂಟ್ವಾಳದ ಒಂದು ತೆಂಗಿನೆಣ್ಣೆ ಮಿಲ್ಲಿಗೆ ಹೋಗಿ, "ನಿಮ್ಮ ಚರಂಡಿಯ ಕೆಸರು ಸ್ವಲ್ಪ ಬೇಕಿತ್ತು" ಎಂದೆ. ನಮ್ಮನ್ನು ತಪಾಸಣೆಯವರೆಂದು ತಿಳಿದ ಮಾಲಕರು ಎಳನೀರು ಕೊಟ್ಟು ಕೂರಿಸಿದರು. ಕುಡಿದು ಏಳುವಷ್ಟರಲ್ಲಿ ಚರಂಡಿ ಫಳಫಳ.

"ಈಗ ನೋಡಿ ಮೇಡಂ, ಇಲ್ಲೇ ಊಟ ಮಾಡ್ಬಹುದು!"

ಹುಡುಗಿ ಅಳುವುದೊಂದು ಬಾಕಿ. ಆಮೇಲೆ ಅವರ ಕಾಲು ನೋಡಿದಳು. "ಸರ್, ಚಪ್ಪಲಿ ಸ್ವಲ್ಪ ಎತ್ತುತ್ತೀರಾ?"

ನಮ್ಮ ಬ್ಯಾಕ್ಟೀರಿಯಾದ ಮೂಲಸ್ಥಾನ ಕೆಸರು ಅಂಟಿದ್ದ ಆ ಎಡ ಚಪ್ಪಲಿಯ ಅಡಿ.

ಹಿಂದಿನ ಸೀಟು

ನಮ್ಮ ಲ್ಯಾಬಿನ ಯಂತ್ರ ಕೆಟ್ಟಿದ್ದರಿಂದ ಬ್ಯಾಕ್ಟೀರಿಯಾವನ್ನು ಬೆಳೆಸಿದ್ದು ಬೆಳ್ತಂಗಡಿಯ ಗೆಳತಿಯ ಲ್ಯಾಬಿನಲ್ಲಿ. ಜೀವಿಗಳನ್ನು ಸೋಸಿ ತೆಗೆದು, ಅವು ಬಿಟ್ಟ ಸಾಬೂನು ಉಳಿದ ನೀರನ್ನು ಕ್ಯಾನಿಗೆ ತುಂಬಿ ಬಸ್ಸು ಹತ್ತಿದೆವು. ತಿರುವಿಗೊಮ್ಮೆ ಕುಲುಕಿ ಕುಲುಕಿ, ಮುಚ್ಚಳ ಹಾರಿ ನೊರೆ ಎದ್ದಿತು. ಕಂಡಕ್ಟರು ಬಗ್ಗಿ ನೋಡಿ, "ಎಂತ ಮೇಡಂ, ಕಳ್ಳು ಉಂಟಾ?" ಎಂದ.

"ಅಲ್ಲ ಮಾರಾಯ್ರೇ, ಬ್ಯಾಕ್ಟೀರಿಯಾದ ನೀರು" ಎಂದಳು ಹುಡುಗಿ, ಹೆಮ್ಮೆಯಿಂದ.

ಹಿಂದಿನ ಸೀಟು ಪೂರ್ತಿ ಖಾಲಿಯಾಯಿತು. ಕಂಡಕ್ಟರು ಎದುರಿನ ಬಾಗಿಲಿನಿಂದ ಕೂಗಿದ: "ಇನ್ನು ಯಾರು ಕೇಳಿದ್ರೂ ಕಳ್ಳು ಅಂತಲೇ ಹೇಳಿ!"

ರೈನ್‌ಕೋಟು

ಪರೀಕ್ಷೆಯ ದಿನ ಹೊರಗೆ ಮಳೆ, ಒಳಗೆ ಕರೆಂಟಿಲ್ಲ. ಅಳೆಯುವ ಯಂತ್ರ ಮಲಗಿತ್ತು. ಹೀಗಾದೀತೆಂದೇ ಕೆಸುವಿನ ಎಲೆ ತಂದಿದ್ದೆವು. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಎಲೆಯ ಮೇಲೆ ಹನಿ ಗುಂಡಾಗಿ ನಿಲ್ಲುತ್ತದೆ. ಸಾಬೂನು ಆ ಹಿಡಿತ ಸಡಿಲಿಸಿದರೆ ಚಪ್ಪಟೆ. ಆದರೆ ಎಲೆಯ ಕಟ್ಟನ್ನು ಇಟ್ಟದ್ದು ಸ್ಟಾಫ್ ರೂಮಿನಲ್ಲಿ. ಮಳೆಗಾಲದ ಆಟಿ ತಿಂಗಳಲ್ಲಿ ಅಲ್ಲಿಟ್ಟ ಕೆಸು ಎಲ್ಲರದ್ದು. ಕಟ್ಟು ಆಗಲೇ ಪತ್ರೊಡೆ ಬೇಯಿಸಲೆಂದು ಯಾರದೋ ಮನೆ ಸೇರಿತ್ತು.

ಹೊರ ಊರಿನ ಪರೀಕ್ಷಕರು ಹೊಸ ರೈನ್‌ಕೋಟು ಬಿಚ್ಚದೆಯೇ ಕುಳಿತಿದ್ದರು. "ನಿಮ್ಮ ಮಳೆ ಏನೂ ಮಾಡಲಿಲ್ಲ, ಒಂದು ಹನಿ ಒಳಗೆ ಬಂದಿಲ್ಲ" ಎಂದು ಜಂಬ ಬೇರೆ. ಆಮೇಲೆ, "ಕಣ್ಣಾರೆ ನೋಡದೆ ಅಂಕ ಹೇಗೆ ಕೊಡಲಿ?" ಎಂದರು.

"ಸರ್, ನಿಮ್ಮ ತೋಳು ಕೊಡ್ತೀರಾ?" ಎಂದಳು ಹುಡುಗಿ.

ಬರೀ ನೀರಿನ ಹನಿ ತೋಳಿನ ಹೊಲಿಗೆಯ ಮೇಲೆ ಗುಂಡಗೆ ನಿಂತು ಉರುಳಿಹೋಯಿತು. ಪಕ್ಕದಲ್ಲಿ ನಮ್ಮ ಹನಿ ಬಿತ್ತು, ಚಪ್ಪಟೆಯಾಯಿತು, ಹೊಲಿಗೆಯೊಳಗೆ ಮಾಯವಾಯಿತು. ಪರೀಕ್ಷಕರು ಮೆಲ್ಲಗೆ ಒಳಗೆ ಕೈ ಹಾಕಿ ಅಂಗಿ ಮುಟ್ಟಿ ನೋಡಿದರು.

"ಒದ್ದೆ!"

"ಥ್ಯಾಂಕ್ಯೂ ಸರ್!"

ಹ್ಯಾಂಬರ್ಗು, ಒಸಾಕಾ ಎಲ್ಲ ಮರೆತು ನನ್ನ ಎದೆ ಉಬ್ಬಿತು. ಅವರು ಧಾರಾಳವಾಗಿಯೇ ಅಂಕ ಕೊಟ್ಟರು. ಏಳುವಾಗ ಮಾತ್ರ ಸಣ್ಣ ದನಿಯಲ್ಲಿ, "ಅಂಗಿಯ ಈ ಕಲೆ ಹೋಗುತ್ತದಾ?" ಎಂದು ಕೇಳಿದರು.

ಹುಡುಗಿ ಕ್ಯಾನು ಮುಂದಿಟ್ಟಳು. "ಹೋಗ್ತದೆ ಸರ್. ಇದರಲ್ಲೇ ತೊಳೀರಿ."